ಸೈನ್ಯಶಾಸ್ತ್ರಕ್ಕಾಗಿ ಆರಿದ ಕಾಫಿ

ನನ್ನ ಅಕ್ಕನ ಗಂಡ ಅಬು ಮಿಕ್ದಾದ್‌ಗೆ ಎದುರಿಗೆ ನಾನು ಬಹುವಚನ ಕೊಡುತ್ತೇನೆ. ಬೆನ್ನ ಹಿಂದೆ ಕೊಡುವುದಿಲ್ಲ. ಇದು ಬೆನ್ನ ಹಿಂದೆ ಬರೆಯುತ್ತಿರುವುದು.

ಈ ಮನುಷ್ಯ ಸೈನ್ಯದಲ್ಲಿ ಇಪ್ಪತ್ತು ವರ್ಷ ಇದ್ದದ್ದು ನಿಜ. ಅಷ್ಟೂ ವರ್ಷ ಡೀಸೆಲ್ ಡಿಪೋದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಲಾರಿ ಎಣಿಸಿದ್ದೂ ನಿಜ. ಆದರೆ ನಿವೃತ್ತನಾಗಿ ನಮ್ಮ ತಲ್ ಲೌಜ್ ಊರಿನ ಸೈನಿಕರ ಕಾಲೊನಿಗೆ ಬಂದು ಮನೆ ಕಟ್ಟಿದ ದಿನದಿಂದ ಅವನ ಮಾತು ಕೇಳಿದರೆ, ಜೋರ್ಡಾನಿನ ಗಡಿಗಳು ಇನ್ನೂ ಇದ್ದ ಜಾಗದಲ್ಲೇ ಇರುವುದು ಅವನೊಬ್ಬನ ದಯೆಯಿಂದ ಎಂದು ಯಾರಾದರೂ ನಂಬಬೇಕು. ಎಲ್ಲದಕ್ಕೂ ಅವನಿಗೆ ಒಂದು ಯೋಜನೆ. ಆಲಿವ್ ಕೀಳಲು ಯೋಜನೆ, ಹಬ್ಬದೂಟದ ಮನ್ಸಫ್‌ಗೆ ಕುರಿ ಕೊಳ್ಳಲು ಯೋಜನೆ, ಸ್ನಾನದ ಮನೆಗೆ ಯಾರು ಯಾವಾಗ ಹೋಗಬೇಕೆಂಬುದಕ್ಕೂ ಯೋಜನೆ. ಮಗಳು ಅರೀಜ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದಾಗ ಆ ಹುಡುಗಿಯ ನಾಲ್ಕು ವರ್ಷದ ಓದು ಅವನ ಕೈಗೆ ಸಿಕ್ಕಿತು.

"ಸಲಹೆ ಕೊಡೋಕೆ ಅಂತ ಕಾಲೇಜಲ್ಲಿ ಒಬ್ಬ ಮೇಷ್ಟ್ರು ಇದಾರಪ್ಪಾ, ಅವರನ್ನ ಕೇಳ್ಕೊಂಡು ಪಾಠ ಆರಿಸ್ಕೋಬೇಕಂತೆ" ಎಂದಳು ಅವಳು.

"ಅವನು ಯಾವತ್ತಾದ್ರೂ ಮುನ್ನೂರು ಲಾರಿ ಮರುಭೂಮಿ ದಾಟಿಸಿದ್ದಾನಾ?" ಎಂದ ಭಾವ. ಅಲ್ಲಿಗೆ ಸಲಹೆ ಮುಗಿಯಿತು.

ದೊಡ್ಡ ರಟ್ಟಿನ ಮೇಲೆ ಬಣ್ಣಬಣ್ಣದ ಚೌಕ ಬರೆದು, ಯಾವ ವರ್ಷ ಯಾವ ಪಾಠ ಎಂದು ತುಂಬಿಸಿ, ಅದನ್ನು ಅತಿಥಿಗಳ ಕೋಣೆಯಲ್ಲಿ, ತನ್ನ ಸಮವಸ್ತ್ರದ ಫೋಟೋದ ಪಕ್ಕದಲ್ಲೇ ನೇತುಹಾಕಿದ. ಹಸಿರು ಚೌಕಗಳು ರಸಾಯನಶಾಸ್ತ್ರದವು. ಕೆಂಪು ಚೌಕಗಳು, ಏನು ಓದಿದರೂ ಎಲ್ಲರೂ ಓದಲೇಬೇಕಾದ ಪಾಠಗಳು: ಅರಬ್ಬಿ, ಇಂಗ್ಲಿಷು, ಪೌರನೀತಿ, ಇತ್ಯಾದಿ. ಮನೆಗೆ ಬಂದವರಿಗೆ ಚಹಾ ಸಿಗುತ್ತಿತ್ತೋ ಇಲ್ಲವೋ, ಚಾರ್ಟಿನ ವಿವರಣೆಯಂತೂ ಸಿಗುತ್ತಿತ್ತು. ಕೈಯಲ್ಲಿ ಕಬಾಬಿನ ಸರಳು ಹಿಡಿದು ಒಂದೊಂದೇ ಚೌಕ ತೋರಿಸುತ್ತಿದ್ದ. ಕಾಲೊನಿಯ ನಿವೃತ್ತ ಸೈನಿಕರೆಲ್ಲ ತಲೆಯಾಡಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ನನಗೆ ಮೈ ಉರಿಯುತ್ತಿತ್ತು. ನಾನು ಸೈನಿಕನಲ್ಲ, ಮಿನಿಬಸ್ ಓಡಿಸುವವನು. ಅಪ್ಪ ಸೈನ್ಯದಲ್ಲಿದ್ದರು, ಅವರ ಮನೆಯಲ್ಲಿ ಇದ್ದೇನೆ, ಅಷ್ಟೇ. ಆದರೂ ಎಲ್ಲ ಚೌಕ ನೋಡಿ ಮುಗಿಸುವವರೆಗೆ ನನ್ನನ್ನೂ ಬಿಡುತ್ತಿರಲಿಲ್ಲ.

ಕೆಂಪು ಚೌಕಗಳಲ್ಲಿ ಒಂದು ಕಡಿಮೆ ಇತ್ತು. ಅದನ್ನು ಅರೀಜ್ ಎರಡನೇ ವರ್ಷದಲ್ಲೇ ಕೇಳಿದ್ದಳು.

"ಅಪ್ಪಾ, ಸೈನ್ಯಶಾಸ್ತ್ರ ಇಲ್ವಲ್ಲ ಇದ್ರಲ್ಲಿ?"

"ಅದು ನಾಗರಿಕರ ಮಕ್ಕಳಿಗಮ್ಮ! ಸೈನಿಕರ ಮಕ್ಕಳಿಗೆ ವಿನಾಯ್ತಿ. ಸೀಟು ಕೊಡುವಾಗ ನಮಗೆ ಮೀಸಲಾತಿ ಕೊಟ್ರೋ ಇಲ್ವೋ? ಇದೂ ಹಾಗೇ."

ಸೀಟಿನಲ್ಲಿ ಮೀಸಲು ಇದ್ದರೆ ಪಾಠದಲ್ಲಿ ವಿನಾಯಿತಿ ಹೇಗೆ ಬರುತ್ತದೆ ಎಂದು ಕೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಆ ಪಾಠವನ್ನು ಸೈನಿಕನ ಮಗಳಿಗೆ ಕಲಿಸಲು ಬರುವುದೇ ಅವಮಾನ ಎನ್ನುವ ಹಾಗೆ ಅವನು ಎದೆ ಉಬ್ಬಿಸಿ ನಿಂತಿದ್ದ. ಕಾಲೊನಿಯವರಿಗೆ ಈ ವಿನಾಯಿತಿ ಇನ್ನೂ ಹಿಡಿಸಿತು.

ಕೊನೆಯ ವರ್ಷದ ಕೊನೆಯ ಅವಧಿ ಬಂತು. ಅಕಬಾದಲ್ಲಿ ಕುಡಿಯುವ ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದಕ್ಕೆ ಅರೀಜ್ ಅರ್ಜಿ ಹಾಕಿ, ಸಂದರ್ಶನಕ್ಕೆ ಹೋಗಿ, ಅಷ್ಟು ಜನರಲ್ಲಿ ಮೊದಲಿಗಳಾಗಿ ಆಯ್ಕೆಯಾದಳು. ಜುಲೈ ಒಂದಕ್ಕೆ ಡಿಗ್ರಿ ಹಿಡಿದುಕೊಂಡು ಬರಬೇಕು. ಬರದಿದ್ದರೆ ಎರಡನೆಯವರಿಗೆ ಆ ಕೆಲಸ. ಈ ಜೂನ್‌ನಲ್ಲಿ ಡಿಗ್ರಿ ಮುಗಿಯುತ್ತದೆ ಎಂದು ಕಾಲೇಜಿನಿಂದ ಒಂದು ಪತ್ರ ತರಲು ಹೇಳಿದ್ದರು. ಅವಳು ಪತ್ರ ತರಲು ಹೋದವಳು ಬರಿಗೈಯಲ್ಲಿ ಬಂದಳು. ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ.

"ಡಿಗ್ರಿ ಕೊಡಲ್ವಂತೆ" ಎಂದಳು. ಧ್ವನಿ ನಡುಗುತ್ತಿತ್ತು. ದುಃಖದಿಂದಲ್ಲ, ಅದು ನನಗೆ ಗೊತ್ತು, ಅವಳು ನಮ್ಮ ಮನೆಯ ಹೆಣ್ಣು. "ಸೈನ್ಯಶಾಸ್ತ್ರ ಮಾಡಿಲ್ಲ ಅಂತ."

"ಯಾವನವನು ಹೇಳಿದ್ದು? ನೀನು ಸೈನಿಕನ ಮಗಳು ಅಂತ ಹೇಳ್ಲಿಲ್ವಾ?"

"ಹೇಳ್ದೆ. ಸೈನಿಕನ ಮಗಳಾದ್ರೂ ಮಾಡ್ಬೇಕಂತೆ. ದಂಡನಾಯಕನ ಮಗಳಾದ್ರೂ ಮಾಡ್ಬೇಕಂತೆ."

"ನಿನ್ನ ರಕ್ತದಲ್ಲೇ ಇದೆಯಲ್ಲೇ ಸೈನ್ಯಶಾಸ್ತ್ರ!"

"ರಕ್ತಪರೀಕ್ಷೆ ಮಾಡಿ ಡಿಗ್ರಿ ಕೊಡಲ್ಲ ಅಪ್ಪಾ!"

ಅಕ್ಕ ಎದ್ದು ಹೋಗಿ ಚಾರ್ಟನ್ನು ಗೋಡೆಯಿಂದ ಕಿತ್ತು ತಂದು, ನೆಲದ ಮೇಲೆ ಹಾಸಿ, ಅದರ ಮೇಲೆ ಈರುಳ್ಳಿ ಹೆಚ್ಚತೊಡಗಿದಳು. ಇಡೀ ನಾಲ್ಕನೇ ವರ್ಷದ ಮೇಲೆ ಈರುಳ್ಳಿ ಸಿಪ್ಪೆ ಬಿತ್ತು. ಭಾವ ಅದನ್ನು ನೋಡಿದ, ಮೀಸೆ ಮುಟ್ಟಿಕೊಂಡ, ನನ್ನ ಕಡೆ ತಿರುಗಿದ.

"ಗಾಡಿ ತೆಗಿ."

ಇವನು ದಾರಿ ತಪ್ಪಿದಾಗಲೆಲ್ಲ ಗಾಡಿ ತೆಗೆಯುವುದು ನಾನೇ.

ದಾಖಲಾತಿ ಕಚೇರಿಯ ಗಾಜಿನ ಕಿಂಡಿಯ ಹಿಂದೆ ಒಬ್ಬಾಕೆ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದಳು. ಭಾವ ಕಿಂಡಿಯೊಳಕ್ಕೆ ಮೂಗು ತೂರಿಸಿ ತನ್ನ ಸೇವಾವಧಿಯನ್ನು ಡೀಸೆಲ್ ಸಮೇತ ವಿವರಿಸಿದ. ಆಕೆ ಸಿಪ್ಪೆ ಉಗುಳಿದಳು.

"ಚಿಕ್ಕಪ್ಪಾ, ನೋಂದಣಿ ಮುಗಿದು ವಾರ ಆಯ್ತು. ಇನ್ನು ಈ ಪಾಠ ಅಕ್ಟೋಬರ್‌ಗೆ."

"ಅಕ್ಟೋಬರ್‌ಗೆ ಅಕಬಾದ ಕೆಲಸ ಕಾದಿರುತ್ತಾ?"

"ನನಗೇನ್ ಗೊತ್ತು ಚಿಕ್ಕಪ್ಪಾ, ನಾನು ಅಕಬಾ ನೋಡಿಲ್ಲ. ಒಂದು ದಾರಿ ಇದೆ. ಕೊನೇ ವರ್ಷದವರು ಹತ್ತು ಜನ ಒಟ್ಟಿಗೆ ಕೇಳ್ಕೊಂಡ್ರೆ, ದಾಖಲಾತಿ ಅಧಿಕಾರಿ ವಿಶೇಷ ತರಗತಿ ತೆರೀಬಹುದು. ಆದ್ರೆ ಅದು ನಿದ್ದೆ ಮಾಡಿದ್ರೂ ಪಾಸಾಗೋ ಪಾಠ. ಎಲ್ಲರೂ ಮೊದಲನೇ ವರ್ಷದಲ್ಲೇ ಮುಗಿಸಿ ಬಿಸಾಕ್ತಾರೆ. ಕೊನೇವರೆಗೂ ಅದನ್ನ ಬಿಟ್ಕೊಂಡು ಕೂತಿರೋ ದಡ್ಡರು ಹತ್ತು ಜನ ನಿಮಗೆ ಎಲ್ಲಿ ಸಿಗ್ತಾರೆ? ನಾನು ನೋಡಿದ್ದು ಇವಳೊಬ್ಬಳನ್ನೇ."

ಅರೀಜ್ ಮುಖ ಕೆಂಪಾಯಿತು. ನಾಲ್ಕು ವರ್ಷ ತರಗತಿಗೆ ಮೊದಲಿಗಳಾಗಿ ಬಂದ ಹುಡುಗಿಗೆ, ಸೂರ್ಯಕಾಂತಿ ಬೀಜದ ಸಿಪ್ಪೆಯ ನಡುವೆ ದಡ್ಡಿ ಎಂಬ ಪದವಿ ಸಿಕ್ಕಿತ್ತು. ಭಾವನಿಗೆ ಮಾತ್ರ ಬೇರೆಯೇ ಸಿಟ್ಟು.

"ನಿದ್ದೆ ಮಾಡಿದ್ರೂ ಪಾಸಾಗೋದಾ? ಸೈನ್ಯಶಾಸ್ತ್ರಾನ? ಅಬು ನಿಮರ್, ಕೇಳಿದ್ಯಾ ಇವಳ ಮಾತು?"

ನನ್ನ ಮಗನ ಹೆಸರು ನಿಮರ್. ಆದ್ದರಿಂದ ನಾನು ಅಬು ನಿಮರ್. ಕೇಳಿದೆ, ಬೇಕಾದಷ್ಟು ಕೇಳಿದೆ.

ಹಿಂದಿರುಗುವಾಗ ಮಿನಿಬಸ್ಸಿನಲ್ಲಿ ಅರೀಜ್ ಹಿಂದಿನ ಸೀಟಿನಿಂದ ಹೇಳಿದಳು: "ನಾನೇ ಹೋಗಿ ಅಧಿಕಾರಿ ಹತ್ರ ಮಾತಾಡ್ತೀನಿ."

"ನೀನು ಯಾಕಮ್ಮ ಮಾತಾಡ್ಬೇಕು? ನಿನ್ನ ಹಿಂದೆ ಗಂಡಸರು ಇಲ್ವಾ?" ಎಂದ ಭಾವ. "ಶುಕ್ರವಾರ ಜಾಹಾ ಕಟ್ಕೊಂಡು ಹೋಗೋಣ."

ನಾನು ಬ್ರೇಕ್ ಒತ್ತಿದೆ. ಹಿಂದೆ ಬರುತ್ತಿದ್ದ ಟೊಮೆಟೊ ಲಾರಿಯವನು ನನ್ನ ತಾಯಿಯನ್ನೂ ಅಜ್ಜಿಯನ್ನೂ ನೆನೆದ.

ಹೆಣ್ಣು ಕೇಳುವಾಗ ಹಿರಿಯರ ಜಾಹಾ ಹೋಗುತ್ತದೆ. ಕಾರು ಡಿಕ್ಕಿ ಹೊಡೆದು ಯಾರಾದರೂ ಸತ್ತಾಗ, ಸತ್ತವರ ಮನೆಗೆ ಕ್ಷಮೆ ಕೇಳಲು ಹೋಗುತ್ತದೆ. ದೊಡ್ಡವರೆಲ್ಲ ಕಂದು ನಿಲುವಂಗಿ ಹೆಗಲಿಗೇರಿಸಿ ಎದುರು ಮನೆಗೆ ಹೋಗಿ ಕೂತು, ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಟ್ಟು, ಕೇಳಬೇಕಾದ್ದನ್ನು ಕೇಳುತ್ತಾರೆ. ಮನೆಯವನು 'ಕಾಫಿ ಕುಡೀರಿ, ಕೇಳಿದ್ದು ಕೊಟ್ಟೆ' ಎನ್ನುವವರೆಗೆ ಒಬ್ಬರೂ ಬಟ್ಟಲು ಮುಟ್ಟುವುದಿಲ್ಲ. ಅತಿಥಿಯ ಕಾಫಿ ಆರಲು ಬಿಟ್ಟವನು ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಆದರೆ ಪಾಠವೊಂದನ್ನು ಕೇಳಲು ಜಾಹಾ ಹೋದದ್ದು ನಾನಂತೂ ಕೇಳಿರಲಿಲ್ಲ.

"ಭಾವಾ, ಅದು ಕಚೇರಿ ವಿಷಯ, ಮನೆ ಬಾಗಿಲಿಗೆ..."

"ಕಚೇರಿಯಲ್ಲಿ ಕಿಂಡಿ ಇದೆ. ಮನೆಯಲ್ಲಿ ಕಿಂಡಿ ಇರಲ್ಲ" ಎಂದ. ಅವನ ಬಾಯಿಂದ ಸರಿಯಾದ ಮಾತು ಹೊರಟಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಜಾಹಾದ ಮುಂದಾಳು ಹಾಜಿ ಶಬೀಬ್. ಎಂಬತ್ತು ದಾಟಿದ ಮನುಷ್ಯ, ಬಟ್ಟಲು ಕುಡಿಯದೆ ಹಿಂತಿರುಗಿದವರೇ ಅಲ್ಲ. ಅವರಿಗೆ ವಿಷಯ ಅರ್ಥ ಮಾಡಿಸಲು ಅರ್ಧ ದಿನ ಹಿಡಿಯಿತು. "ಹುಡುಗ ಯಾರು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹುಡುಗ ಇಲ್ಲ ಹಾಜಿ, ಸೈನ್ಯಶಾಸ್ತ್ರ, ಎಂದರೆ, "ಒಳ್ಳೇ ಮನೆತನವಾ?" ಎಂದರು.

ಶುಕ್ರವಾರದ ನಮಾಜಿನ ನಂತರ ಮೂವತ್ತು ಜನ ಹೊರಟೆವು. ಗಾಡಿ ನನ್ನದು. ಡೀಸೆಲ್ಲೂ ನನ್ನದು, ಇಪ್ಪತ್ತು ವರ್ಷ ಡೀಸೆಲ್ ಕಾದವನ ಜೇಬಿನಿಂದ ಒಂದು ದಿನಾರ್ ಹೊರಬರಲಿಲ್ಲ. ಕಾಗದಪತ್ರ ಹಿಡಿದುಕೊಂಡು ಅರೀಜ್ ಬಂದಳು. ಗಾಡಿಯಿಂದ ಇಳಿಯಕೂಡದೆಂದು ಅವಳ ಅಪ್ಪನ ಆಜ್ಞೆ.

ದಾಖಲಾತಿ ಅಧಿಕಾರಿ ಡಾಕ್ಟರ್ ಔನಿ ಬನಿಯನ್ನು ಹಾಕಿಕೊಂಡು ಅಂಗಳದಲ್ಲಿ ಪುದೀನ ಗಿಡಕ್ಕೆ ನೀರು ಬಿಡುತ್ತಿದ್ದರು. ಮೂವತ್ತು ನಿಲುವಂಗಿಗಳು ಗೇಟು ದಾಟಿದ್ದನ್ನು ನೋಡಿ ಪೈಪು ಕೈಯಿಂದ ಜಾರಿತು. ತನ್ನ ಮನೆಯವರಲ್ಲಿ ಯಾರನ್ನು ಕೊಂದು ಬಂದರು ಇವರು ಎಂದು ಪಾಪ ಆ ಮನುಷ್ಯ ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ಒಳಗೆ ಓಡಿ ಅಂಗಿ ಹಾಕಿಕೊಂಡು ಬಂದರು. ನಮ್ಮನ್ನೆಲ್ಲ ಗೋಡೆಗುಂಟ ಕೂರಿಸಿದರು. ಏಲಕ್ಕಿ ಹಾಕಿದ ಕಾಫಿ ಬಂತು. ಹಾಜಿ ಶಬೀಬ್ ಬಟ್ಟಲನ್ನು ಮುಂದಿನ ಮೇಜಿನ ಮೇಲಿಟ್ಟರು. ಟಕ್, ಟಕ್, ಟಕ್ ಎಂದು ಮೂವತ್ತು ಬಟ್ಟಲುಗಳು ಕೆಳಗಿಳಿದವು.

ಹಾಜಿಯ ಭಾಷಣ ಸೃಷ್ಟಿಯ ಆರಂಭದಿಂದ ಶುರುವಾಯಿತು. ಔನಿಯವರ ಮುತ್ತಜ್ಜ ಒಂಟೆ ಕಳೆದುಕೊಂಡಾಗ ಹುಡುಕಿಕೊಟ್ಟವರು ತಮ್ಮ ಮುತ್ತಜ್ಜ ಎಂಬಲ್ಲಿಗೆ ಬಂತು. "ಡಾಕ್ಟ್ರೇ, ನಿಮ್ಮ ಮನೆ ಬಾಗಿಲು ದೊಡ್ಡದು. ನಮ್ಮ ಮಗಳು ಅರೀಜ್‌ಗೆ ನಾವು ನಿಮ್ಮಿಂದ ಸೈನ್ಯಶಾಸ್ತ್ರವನ್ನು ಕೇಳ್ತಾ ಇದೀವಿ. ದೇವರ ಆಜ್ಞೆಯಂತೆ, ಹಿರಿಯರ ಸಂಪ್ರದಾಯದಂತೆ" ಎಂದು ಮುಗಿಸಿದರು.

ಡಾಕ್ಟರ್ ಔನಿಗೆ ಉಸಿರು ಬಂತು. ಮರುಕ್ಷಣವೇ ಸಿಟ್ಟೂ ಬಂತು.

"ಒಂದು ಪಾಠಕ್ಕೆ ಜಾಹಾನಾ? ಹಾಜಿ, ನನ್ನ ಮಗಳನ್ನ ಕೇಳಿದ್ರೂ ಯೋಚ್ನೆ ಮಾಡ್ತಿದ್ದೆ! ಇದು ನಿಯಮ. ಹತ್ತು ಜನ ಬೇಕು. ಒಬ್ಬಳಿಗೋಸ್ಕರ ತರಗತಿ ತೆರೆಯೋಕಾಗಲ್ಲ. ನನ್ನ ತಲೆ ಕತ್ತರಿಸಿ, ಆದ್ರೂ ಆಗಲ್ಲ. ದಯವಿಟ್ಟು ಕಾಫಿ ಕುಡೀರಿ."

"ಕೊಟ್ಟೆ ಅನ್ನಿ, ಕುಡೀತೀವಿ."

"ಕುಡೀರಿ, ಆಮೇಲೆ ಮಾತಾಡೋಣ."

"ಮಾತಾಡಿ, ಆಮೇಲೆ ಕುಡೀತೀವಿ."

ಕಾಫಿ ಆರುತ್ತಿತ್ತು. ಒಂದು ನೊಣ ನನ್ನ ಬಟ್ಟಲಿನ ಅಂಚಿನಲ್ಲಿ ಸುತ್ತುಹಾಕಿತು. ಇಡೀ ಜಾಹಾದಲ್ಲಿ ಕಾಫಿ ರುಚಿ ನೋಡಿದ್ದು ಅದೊಂದೇ. ಆಗ ಸೈನ್ಯ ಬಿಟ್ಟು ನಮ್ಮ ಕಾಲೊನಿಯ ಕಟುಕನಾದ ಅಬು ಝೈದಾನ್ ಗಂಟಲು ಸರಿಪಡಿಸಿಕೊಂಡ. ಅವನಿಗೆ ಸುಮ್ಮನೆ ಕೂತು ರೂಢಿಯಿಲ್ಲ.

"ತಪ್ಪು ಡಾಕ್ಟ್ರದಲ್ಲ. ಮಕ್ಕಳಿಗೆ ನಾವು ಬುದ್ಧಿ ಹೇಳ್ಬೇಕು. ನಮ್ಮ ಝೈದಾನ್ ನೋಡಿ, ಎಲ್ಲಾ ಪಾಠ ಹೊತ್ತಿಗೆ ಸರಿಯಾಗಿ ಮುಗಿಸಿದಾನೆ. ಕೇಳಿಸ್ತೀನಿ, ಇರಿ." ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದ. "ಮಗನೇ, ಸೈನ್ಯಶಾಸ್ತ್ರ ಯಾವ ವರ್ಷ ಮುಗಿಸ್ದೆ? ಹೇಳು ಹಿರಿಯರಿಗೆ."

"ಮಾಡಿಲ್ಲಪ್ಪಾ. ಸೈನಿಕರ ಮಕ್ಕಳಿಗೆ ಬೇಡವಲ್ಲ. ಮಿಕ್ದಾದ್ ಅಪ್ಪನ ಚಾರ್ಟಲ್ಲಿ ಇರ್ಲಿಲ್ಲ."

ಮೂವತ್ತು ತಲೆಗಳು ಭಾವನ ಕಡೆ ತಿರುಗಿದವು. ಭಾವ ಚಾವಣಿ ನೋಡಿದ.

ಆಮೇಲೆ ಆದದ್ದನ್ನು ಜಾಹಾ ಎನ್ನಲು ಬರುವುದಿಲ್ಲ. ಎಲ್ಲರ ಜೇಬಿನಿಂದಲೂ ಫೋನು ಬಂತು. "ಏ ಹುಡುಗಿ, ನೀನು ಮಾಡಿದ್ಯೋ ಇಲ್ವೋ?" "ಮಾಡಿಲ್ವಾ? ಯಾಕ್ ಮಾಡಿಲ್ಲ?" "ಯಾವ ಚಾರ್ಟೋ, ನಿನ್ನ ಚಾರ್ಟಿಗೆ ಬೆಂಕಿ ಹಾಕ!" ಒಬ್ಬ ನಿಲುವಂಗಿ ಕಳಚಿ ತೋಳು ಮಡಿಸಿದ. ಮತ್ತೊಬ್ಬ ಭಾವನ ತಲೆಯ ಮೇಲಿನ ಶೆಮಾಗ್ ವಸ್ತ್ರ ಹಿಡಿದೆಳೆದ. "ನಾಲ್ಕು ವರ್ಷ ನಿನ್ನ ಮನೆಗೆ ಬಂದು ಕಬಾಬ್ ಸರಳಿನ ಪಾಠ ಕೇಳಿದ್ದು ಇದಕ್ಕಾ?" ಹಾಜಿ ಶಬೀಬ್ ಕೋಲು ಎತ್ತಿ, ಪರರ ಮನೆಯಲ್ಲಿದ್ದೇವೆಂದು ಅರಚಿದರು. ಯಾರಿಗೂ ಕೇಳಲಿಲ್ಲ.

ನನ್ನ ಹೊಟ್ಟೆ ತಣ್ಣಗಾಗಿತ್ತು. ನಾಲ್ಕು ವರ್ಷ ಕಾದಿದ್ದ ದಿನ ಇದು. ನನ್ನ ಮಗ ನಿಮರ್ ಆ ಚಾರ್ಟನ್ನು ನಂಬುವಷ್ಟು ಹೆಡ್ಡನಲ್ಲ ಎಂದು ಎಲ್ಲರಿಗೂ ತಿಳಿಯಲಿ ಎಂದು ನಾನೂ ಫೋನು ಹಚ್ಚಿದೆ.

"ನಿಮರ್, ಆ ಚಾರ್ಟ್ ವಿಷಯ..."

"ಅಯ್ಯೋ ಅಪ್ಪಾ, ಅಜ್ಜ ಸೈನಿಕರಲ್ವಾ, ನಾನೂ ಆ ಪಾಠ ಬಿಟ್ಟೆ. ಅದರ ಫೋಟೋ ತೆಗೆದು ಕಾಲೇಜು ಗುಂಪಿಗೆ ಹಾಕಿದ್ದೇ ನಾನು. ಎಲ್ಲರೂ ನನಗೆ ಥ್ಯಾಂಕ್ಸ್ ಹೇಳಿದ್ರು."

ಅವನು ಮನೆಗೆ ಬರಲಿ ಎಂದು ಹಲ್ಲು ಕಡಿದೆ. ಭಾವ ಅಷ್ಟು ಗದ್ದಲದಲ್ಲೂ ನನ್ನ ಕಡೆ ನೋಡಿ ಒಮ್ಮೆ ನಕ್ಕ. ಆ ನಗುವನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಹಾಜಿ ಶಬೀಬ್ ಬೆರಳು ಮಡಿಸುತ್ತಾ ಕೂತಿದ್ದರು. ಇಷ್ಟು ಹೊತ್ತು ಮುದುಕರಿಗೆ ಏನೂ ಅರ್ಥವಾಗುತ್ತಿಲ್ಲ ಎಂದುಕೊಂಡಿದ್ದೆವು. "ಒಂಬತ್ತು" ಎಂದರು.

"ಏನು ಒಂಬತ್ತು ಹಾಜಿ?"

"ದಡ್ಡರು. ಅರೀಜ್ ಸೇರಿ ಒಂಬತ್ತು ಜನ ಆದ್ರು. ಇನ್ನೊಬ್ಬ ಬೇಕು."

ಗದ್ದಲ ನಿಂತಿತು. ಕತ್ತಿನ ಪಟ್ಟಿ ಹಿಡಿದಿದ್ದವರು ಬಿಟ್ಟರು. ಎರಡು ನಿಮಿಷದ ಹಿಂದೆ ತಮ್ಮ ಮಕ್ಕಳು ದಡ್ಡರಾದದ್ದಕ್ಕೆ ಹೊಡೆದಾಡುತ್ತಿದ್ದವರು, ಈಗ ಇನ್ನೊಬ್ಬ ದಡ್ಡನಿಗಾಗಿ ಊರೆಲ್ಲ ಫೋನು ಮಾಡತೊಡಗಿದರು. "ನಿಮ್ಮ ಹುಡುಗ ಮಾಡಿದಾನಾ? ಛೆ, ಮಾಡಿಬಿಟ್ಟಿದಾನಾ!" "ನಿಮ್ಮ ಸೊಸೆ? ಪಾಸಾ? ಅಯ್ಯೋ ದೇವರೇ!" ಜಾಣ ಮಕ್ಕಳ ಅಪ್ಪಂದಿರಿಗೆ ಅಂದು ಸಿಕ್ಕಷ್ಟು ಬೈಗುಳ ಬೇರೆಂದೂ ಸಿಕ್ಕಿರಲಾರದು. ಹತ್ತನೆಯವನು ಸಿಗಲಿಲ್ಲ. ಡಾಕ್ಟರ್ ಔನಿ ತಲೆಯಾಡಿಸಿದರು.

"ನೋಡಿದ್ರಾ? ನಿಯಮ ಅಂದ್ರೆ ನಿಯಮ. ನಾನು ಇಡೀ ವಿಶ್ವವಿದ್ಯಾಲಯದ ದಾಖಲೆ ನೋಡ್ಕೊಳ್ಳೋನು. ಮಕ್ಕಳ ಓದಿನ ಮೇಲೆ ಕಣ್ಣಿಡದ ಅಪ್ಪಂದಿರಿಗೆ..."

ಒಳಬಾಗಿಲ ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು. "ರೀ, ಸ್ವಲ್ಪ ಸುಮ್ನಿರಿ. ನಮ್ಮ ಸೀರೀನ್‌ದೂ ಆಗಿಲ್ವಂತೆ."

ಡಾಕ್ಟರ್ ಔನಿಯವರ ಬಾಯಿ ತೆರೆದೇ ಇತ್ತು. "ನನ್ನ ಮಗಳಾ?"

"ಆ ಫೋಟೋ ಎಲ್ಲರ ಫೋನಲ್ಲೂ ಇತ್ತಪ್ಪಾ" ಎಂದಿತು ಪರದೆಯ ಹಿಂದೆ ಎಳೆಯ ದನಿ.

"ಅದು ಸೈನಿಕರ ಮಕ್ಕಳಿಗೆ ಕಣೇ! ನೀನ್ಯಾವ ಸೈನಿಕನ ಮಗಳು?"

"ನೀವೇ ದಿನಾ ಹೇಳ್ತೀರಲ್ಲಪ್ಪಾ, ಕಡ್ಡಾಯ ಸೇವೆಯಲ್ಲಿ ಎರಡು ವರ್ಷ ದೇಶ ಕಾದೆ ಅಂತ."

ಹಾಜಿ ಶಬೀಬ್ ಹತ್ತನೆಯ ಬೆರಳು ಮಡಿಸಿದರು.

ಡಾಕ್ಟರ್ ಔನಿ ಕೊನೆಗೆ, "ತರಗತಿ ತೆರೀತೀನಿ. ಕಾಫಿ ಕುಡೀರಿ, ಕೇಳಿದ್ದು ಕೊಟ್ಟೆ" ಎಂದರು. ಹಲ್ಲುನೋವಿನವನು ಮಾತಾಡಿದ ಹಾಗಿತ್ತು.

ಅಷ್ಟಕ್ಕೆ ಸುಮ್ಮನಿದ್ದರೆ ಅವನು ನನ್ನ ಭಾವನೇ ಅಲ್ಲ. ಹರಿದ ಶೆಮಾಗ್ ಸರಿಪಡಿಸಿಕೊಂಡು ಎದ್ದು ನಿಂತ. "ನೋಡಿದ್ರಾ? ಬೈದ್ರಲ್ಲ ಎಲ್ಲರೂ? ನಾನು ಇಲ್ದಿದ್ರೆ ಹತ್ತು ಜನ ಎಲ್ಲಿಂದ ಬರ್ತಿದ್ರು? ಡಾಕ್ಟ್ರೇ, ತರಗತಿ ಭಾನುವಾರ, ಮಂಗಳವಾರ, ಬೆಳಗ್ಗೆ ಎಂಟಕ್ಕಿಡಿ. ಸೈನ್ಯ ಅಂದ್ಮೇಲೆ ಬೆಳಗ್ಗೆನೇ ಆಗ್ಬೇಕು." ಸೋತುಹೋಗಿದ್ದ ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಮೂವತ್ತು ಬಟ್ಟಲುಗಳು ತುಟಿಯ ಹತ್ತಿರ ಬಂದವು.

"ಯಾರೂ ಕುಡೀಬೇಡಿ!"

ಬಾಗಿಲಲ್ಲಿ ಅರೀಜ್ ನಿಂತಿದ್ದಳು. ಅವಳಪ್ಪನ ದನಿ ಕಿಟಕಿ ದಾಟಿ ರಸ್ತೆಯವರೆಗೂ ಹೋಗಿರಬೇಕು. ಜಾಹಾ ಕೂತ ಕೋಣೆಗೆ ಹೆಣ್ಣುಮಗಳೊಬ್ಬಳು ಹೀಗೆ ನುಗ್ಗಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಅವಳು ನೇರ ನಡೆದು ಬಂದು, ಫ್ಲಾಸ್ಕಿನಂಥ ಕಾಫಿ ಕೂಜಾ ತೆಗೆದು, ಹೊಸ ಬಟ್ಟಲಿಗೆ ತಾನೇ ಬಗ್ಗಿಸಿಕೊಂಡಳು. ಅದನ್ನು ಡಾಕ್ಟರ ಮುಂದಿಡಲಿಲ್ಲ. ಅಪ್ಪನ ಮುಂದೆ ಇಟ್ಟಳು.

"ಭಾನುವಾರ, ಮಂಗಳವಾರ ಎಂಟು ಗಂಟೆಗೆ ನನ್ನ ಕೊನೇ ಪ್ರಯೋಗಾಲಯ ತರಗತಿ ಅಪ್ಪಾ. ಅದು ತಪ್ಪಿದ್ರೂ ಡಿಗ್ರಿ ಇಲ್ಲ. ನಿಮ್ಮ ಚಾರ್ಟಲ್ಲಿ ಹಸಿರು ಬಣ್ಣದಲ್ಲಿ ನೀವೇ ಬರೆದಿದ್ರಿ."

ಭಾವ ಏನೋ ಹೇಳಹೊರಟ.

"ಮುಗಿದಿಲ್ಲ. ನಾಲ್ಕು ವರ್ಷ ಓದಿದ್ದು ನಾನು. ಆ ಕೆಲಸ ಗೆದ್ದಿದ್ದು ನಾನು. ಕಿಂಡಿ ಮುಂದೆ ನಿಂತು ದಡ್ಡಿ ಅನ್ನಿಸ್ಕೊಂಡಿದ್ದೂ ನಾನೇ. ನನಗೆ ಎಷ್ಟು ಸಿಟ್ಟು ಬಂದಿದೆ ಅಂತ ನಿಮಗೆ ಗೊತ್ತಿಲ್ಲ. ಯಾವ ಹೊತ್ತಿಗೆ ತರಗತಿ ಅಂತ ನಾಳೆ ನಾವು ಹತ್ತು ಜನ ಡಾಕ್ಟರ ಹತ್ರ ಕೂತು ಗೊತ್ತು ಮಾಡ್ಕೋತೀವಿ. ನಾನು ನಿಮ್ಮನ್ನ ಕೇಳ್ತಿರೋದು ಒಂದೇ. ಇನ್ನು ನನ್ನ ಲೆಕ್ಕ ನೀವು ಹಾಕ್ಬಾರ್ದು. ನೀವು ಹ್ಞೂಂ ಅನ್ನೋವರೆಗೆ ನಾನು ಇದನ್ನ ಮುಟ್ಟಲ್ಲ."

ಹಾಜಿ ಶಬೀಬ್ ತಮ್ಮ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟರು. ಅಬು ಝೈದಾನ್ ಇಟ್ಟ. ಡಾಕ್ಟರ್ ಔನಿ ತಮ್ಮದನ್ನೂ ಇಟ್ಟರು, ಅದೂ ಸ್ವಲ್ಪ ಜೋರಾಗಿಯೇ. ಮೂವತ್ತು ಬಟ್ಟಲುಗಳು ಈಗ ನನ್ನ ಭಾವನ ಕಡೆ ನೋಡುತ್ತಿದ್ದವು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವನನ್ನು ಯಾರೂ ಮುತ್ತಿಗೆ ಹಾಕಿರಲಿಲ್ಲ. ಮೀಸೆ ಮುಟ್ಟಿಕೊಂಡ. ಮಗಳ ಮುಖ ನೋಡಿದ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕೈಗೆ ಕೊಟ್ಟ.

"ಕುಡಿಯಮ್ಮಾ" ಎಂದ. "ಕೇಳಿದ್ದು ಕೊಟ್ಟೆ."

ಅರೀಜ್ ಕುಡಿದಳು. ಕೂಜಾದಿಂದ ಈಗಷ್ಟೇ ಬಗ್ಗಿಸಿದ ಕಾಫಿ, ಹಬೆಯಾಡುತ್ತಿತ್ತು. ಉಳಿದ ಮೂವತ್ತು ಜನ ಮಣ್ಣಿನಷ್ಟು ತಣ್ಣಗಾದದ್ದನ್ನು ಗುಟುಕರಿಸಿದೆವು. ನನ್ನ ಬಟ್ಟಲಿನಲ್ಲಿ ನೊಣವೂ ಇತ್ತು.